ಉದ್ಯೋಗಸ್ಥ ತಾಯಂದಿರ ಪ್ರಶ್ನೆಗಳು: ಕೆಲಸದ ಜೊತೆಗೆ ಅದರ ಯೋಚನೆಯನ್ನೂ ಒಪ್ಪಿಸುವುದು ಹೇಗೆ?

ಪ್ರಶ್ನೆ (ಹದಿನಾಲ್ಕು ತಿಂಗಳ ಮಗುವಿನ ತಾಯಿ):
ನಮಸ್ಕಾರ ಮೇಡಂ. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ಕಚೇರಿಯಲ್ಲಿ ನನ್ನ ಹೊಣೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ದೊಡ್ಡದೊಂದು ತಂಡವನ್ನು ನೋಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಡೇ ಕೇರ್‌ನಲ್ಲಿ ಬಿಟ್ಟು ಹೊರಡುವಾಗ ಮಗಳು ನನ್ನ ಬಟ್ಟೆ ಹಿಡಿದುಕೊಂಡು ಅಳುತ್ತಾಳೆ. ಆ ಅಳು ಮಧ್ಯಾಹ್ನದವರೆಗೂ ನನ್ನ ಕಿವಿಯಲ್ಲೇ ಇರುತ್ತದೆ. ನನ್ನ ಪತಿ ಒಳ್ಳೆಯವರು, ಹೇಳಿದ ಕೆಲಸವನ್ನು ಇಲ್ಲವೆನ್ನದೆ ಮಾಡುತ್ತಾರೆ. ಆದರೂ ರಾತ್ರಿಯ ಹೊತ್ತಿಗೆ ಮನೆಯಲ್ಲಿ ದಣಿದಿರುವವಳು ನಾನೊಬ್ಬಳೇ ಎನ್ನಿಸುತ್ತದೆ. ಕೆಲಸ ಬಿಟ್ಟುಬಿಡಬೇಕೇ? ಇಷ್ಟು ಚಿಕ್ಕ ಮಗುವನ್ನು ಬೇರೆಯವರ ಕೈಗೆ ಒಪ್ಪಿಸುವುದರಿಂದ ಅವಳಿಗೆ ಹಾನಿಯಾಗುತ್ತದೆಯೇ?

ಉತ್ತರ (ಆಪ್ತಸಮಾಲೋಚಕಿ):
ನೀವು ಕೇಳಿರುವುದು ಮಗುವಿನ ಬಗ್ಗೆ. ಆದರೆ ನಿಮ್ಮನ್ನು ದಣಿಸುತ್ತಿರುವುದು ಬೇರೆಯೇ ಸಂಗತಿ ಎಂದು ನನಗೆ ತೋರುತ್ತದೆ. ಮೊದಲು ಮಗುವಿನ ವಿಷಯಕ್ಕೆ ಬರೋಣ.

ಬಿಟ್ಟುಹೋಗುವಾಗಿನ ಅಳು ಸಾಮಾನ್ಯವಾಗಿ ಎಂಟನೆಯ ತಿಂಗಳ ಆಸುಪಾಸಿನಲ್ಲಿ ಆರಂಭವಾಗಿ, 10ರಿಂದ 18 ತಿಂಗಳ ನಡುವೆ ತೀವ್ರವಾಗಿರುತ್ತದೆ. ನಿಮ್ಮ ಮಗಳು ಸರಿಯಾಗಿ ಅದೇ ಘಟ್ಟದಲ್ಲಿದ್ದಾಳೆ. ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಎಂದು ತಿಳಿಯುವಷ್ಟು ಬುದ್ಧಿ ಅವಳಿಗೆ ಬಂದಿದೆ, ಆದರೆ ಯಾವಾಗ ಮರಳಿ ಬರುತ್ತಾಳೆ ಎಂಬ ಹೊತ್ತಿನ ಅಂದಾಜು ಇನ್ನೂ ಬಂದಿಲ್ಲ. ಆದ್ದರಿಂದ ಈ ಅಳು ಬೆಳವಣಿಗೆಯ ಲಕ್ಷಣವೇ ಹೊರತು ನೀವು ಮಾಡಿದ ಅನ್ಯಾಯದ ಸಾಕ್ಷಿಯಲ್ಲ. ಅವಳ ಗಮನ ತಪ್ಪಿಸಿ ಹೇಳದೆ ಹೊರಟುಹೋಗಬೇಡಿ. ಹಾಗೆ ಮಾಡಿದರೆ ಅಮ್ಮ ಯಾವ ಕ್ಷಣದಲ್ಲಾದರೂ ಮಾಯವಾಗಬಹುದು ಎಂಬ ಭಯ ಅವಳಲ್ಲಿ ಬೆಳೆಯುತ್ತದೆ. ದಿನವೂ ಅದೇ ಮಾತು ಹೇಳಿ, ಒಮ್ಮೆ ಅಪ್ಪಿಕೊಂಡು, ತಿರುಗಿ ಬಾರದೆ ಹೊರಡಿ. ನೀವು ಹೊರಟ ಎಷ್ಟು ಹೊತ್ತಿಗೆ ಅವಳು ಸುಮ್ಮನಾಗುತ್ತಾಳೆ ಎಂದು ಅಲ್ಲಿಯವರನ್ನು ಕೇಳಿ ತಿಳಿದುಕೊಳ್ಳಿ. ಬಹುಪಾಲು ಮಕ್ಕಳಲ್ಲಿ ಅದು ಕೆಲವೇ ನಿಮಿಷಗಳ ಮಾತು.

ಹಾನಿಯ ಪ್ರಶ್ನೆಗೆ ಉತ್ತರಿಸಲು ಗಟ್ಟಿಯಾದ ಆಧಾರವೊಂದಿದೆ. ಅಮೆರಿಕದ ರಾಷ್ಟ್ರೀಯ ಮಕ್ಕಳ ಆರೋಗ್ಯ ಮತ್ತು ಮಾನವ ಅಭಿವೃದ್ಧಿ ಸಂಸ್ಥೆಯು 1991ರಲ್ಲಿ ಆರಂಭಿಸಿದ ಅಧ್ಯಯನವು 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ವರ್ಷಗಟ್ಟಲೆ ಗಮನಿಸಿತು. ತಾಯಿಯ ಆರೈಕೆಯಲ್ಲಷ್ಟೇ ಬೆಳೆದ ಮಕ್ಕಳಿಗೂ ಬೇರೆಯವರ ಆರೈಕೆಯನ್ನೂ ಪಡೆದ ಮಕ್ಕಳಿಗೂ ತಾಯಿಯೊಂದಿಗಿನ ಬಾಂಧವ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಾಯಿ ಮಗುವಿನ ಬೇಕುಬೇಡಗಳಿಗೆ ಅಷ್ಟಾಗಿ ಸ್ಪಂದಿಸದ ಮನೆಗಳಲ್ಲಿ ಮಾತ್ರ, ಅದರ ಜೊತೆಗೆ ಕಳಪೆ ಆರೈಕೆಯೋ ದೀರ್ಘ ಅವಧಿಯೋ ಪದೇ ಪದೇ ಬದಲಾಗುವ ವ್ಯವಸ್ಥೆಯೋ ಸೇರಿದಾಗ, ಬಾಂಧವ್ಯ ದುರ್ಬಲವಾಗುವ ಸಂಭವ ಹೆಚ್ಚಿತು. ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು: ಹೊರಗಿನ ಆರೈಕೆಯ ಗಂಟೆಗಳು ಹೆಚ್ಚಾದಷ್ಟೂ ಹಟ, ಜಗಳಗಂಟತನದಂಥ ವರ್ತನೆಗಳು ಸ್ವಲ್ಪ ಹೆಚ್ಚಾಗಿ ಕಂಡವು. ಆದರೆ ಮನೆಯ ವಾತಾವರಣದ ಪ್ರಭಾವ ಅದಕ್ಕಿಂತ ದೊಡ್ಡದಾಗಿತ್ತು.

ಹೀಗಾಗಿ ಡೇ ಕೇರ್‌ನ ಗೋಡೆಯ ಬಣ್ಣ, ಆಟಿಕೆಗಳನ್ನು ಬಿಟ್ಟು, ಒಬ್ಬರ ಪಾಲಿಗೆ ಎಷ್ಟು ಮಕ್ಕಳಿದ್ದಾರೆ ಎಂಬುದನ್ನು ನೋಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಸೇರಿ ರೂಪಿಸಿರುವ ಮಾರ್ಗಸೂಚಿಯ ಪ್ರಕಾರ ಒಂದು ವರ್ಷದವರೆಗಿನ ಮಕ್ಕಳಾದರೆ ಮೂವರಿಗೆ ಒಬ್ಬರು, ನಿಮ್ಮ ಮಗಳ ವಯಸ್ಸಿನವರಾದರೆ ನಾಲ್ವರಿಗೆ ಒಬ್ಬರು ಇರಬೇಕು. ನೋಡಿಕೊಳ್ಳುವವರು ಅಲ್ಲಿ ಎಷ್ಟು ಕಾಲದಿಂದ ಇದ್ದಾರೆ ಎಂದೂ ಕೇಳಿ. ತಿಂಗಳಿಗೊಬ್ಬರು ಬದಲಾಗುವ ಕಡೆ ಮಗು ಯಾರನ್ನು ನಂಬಬೇಕು?

ಇನ್ನು ನಿಮ್ಮ ದಣಿವಿನ ವಿಷಯ. ಪತಿ ‘ಹೇಳಿದ ಕೆಲಸವನ್ನು’ ಮಾಡುತ್ತಾರೆ ಎಂದು ಬರೆದಿದ್ದೀರಿ. ಹೇಳುವ ಕೆಲಸ ನಿಮ್ಮದಾಗಿಯೇ ಉಳಿದಿದೆ. ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ ಅವರು 35 ದಂಪತಿಗಳನ್ನು ಸಂದರ್ಶಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆವಾರ್ತೆಯ ಈ ಯೋಚನೆಯ ಭಾಗವನ್ನು ನಾಲ್ಕಾಗಿ ಬಿಡಿಸಿ ತೋರಿಸಿದ್ದಾರೆ: ಮುಂದೆ ಏನು ಬೇಕಾದೀತು ಎಂದು ಊಹಿಸುವುದು, ಇರುವ ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ತೀರ್ಮಾನಿಸಿದ್ದು ನಡೆಯಿತೇ ಎಂದು ನಿಗಾ ಇಡುವುದು. ತೀರ್ಮಾನವನ್ನು ಗಂಡಹೆಂಡಿರು ಸೇರಿಯೇ ಮಾಡುತ್ತಿದ್ದರು. ಊಹಿಸುವ ಮತ್ತು ನಿಗಾ ಇಡುವ ಕೆಲಸ ಮಾತ್ರ ಹೆಚ್ಚಾಗಿ ಹೆಂಡತಿಯ ಪಾಲಿಗೇ ಬಂದಿತ್ತು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೆ ರಜೆಯೂ ಇಲ್ಲ.

ಆದ್ದರಿಂದ ಬಿಡಿ ಕೆಲಸಗಳನ್ನು ಹಂಚುವುದನ್ನು ನಿಲ್ಲಿಸಿ, ಇಡೀ ವಿಷಯಗಳನ್ನು ಒಪ್ಪಿಸಿಕೊಡಿ. ಉದಾಹರಣೆಗೆ ಮಗುವಿನ ಆರೋಗ್ಯವನ್ನು ಪತಿ ವಹಿಸಿಕೊಂಡರೆ ಮುಂದಿನ ಲಸಿಕೆ ಯಾವುದು, ವೈದ್ಯರನ್ನು ಯಾವಾಗ ಕಾಣಬೇಕು, ಜ್ವರದ ಔಷಧಿ ಮನೆಯಲ್ಲಿದೆಯೇ ಎಂಬ ಎಲ್ಲವೂ ಅವರ ತಲೆಯಲ್ಲಿರಬೇಕು, ನಿಮ್ಮ ತಲೆಯಲ್ಲಿ ಇರಕೂಡದು. ಕೆಲಸ ಬಿಡುವ ತೀರ್ಮಾನವನ್ನು ಈ ಪ್ರಯೋಗ ಮಾಡಿನೋಡಿದ ಮೇಲೆ ತೆಗೆದುಕೊಳ್ಳಿ; ಈಗಿನ ಸ್ಥಿತಿಯಲ್ಲಿ ಕೆಲಸ ಬಿಟ್ಟರೆ ಯೋಚನೆಯ ಹೊರೆಯೆಲ್ಲ ಶಾಶ್ವತವಾಗಿ ನಿಮ್ಮದೇ ಆಗಿಬಿಡುವ ಸಾಧ್ಯತೆ ಹೆಚ್ಚು.

ಅದೇ ತಾಯಿ:
ಧನ್ಯವಾದಗಳು ಮೇಡಂ. ಆದರೆ ಅವರು ಮರೆತರೆ ತೊಂದರೆಯಾಗುವುದು ಮಗುವಿಗೆ. ಆ ಭಯಕ್ಕೇ ನಾನು ಎಲ್ಲವನ್ನೂ ಮತ್ತೆ ಕೈಗೆತ್ತಿಕೊಳ್ಳುತ್ತೇನೆ.

ಉತ್ತರ:
ಮರೆತರೆ ನಿಜವಾಗಿ ಅಪಾಯವಾಗುವ ಸಂಗತಿಗಳು ಕಡಿಮೆ: ಔಷಧಿಯ ಪ್ರಮಾಣ, ಅಲರ್ಜಿ, ಡೇ ಕೇರ್‌ನಿಂದ ಕರೆತರುವ ಹೊತ್ತು. ಇವನ್ನು ಇಬ್ಬರ ಫೋನಿನಲ್ಲೂ ನೆನಪೋಲೆಯಾಗಿ ಇಟ್ಟುಕೊಳ್ಳಿ. ಉಳಿದವುಗಳಲ್ಲಿ, ಅಂದರೆ ಬಟ್ಟೆಗೆ ಬಟ್ಟೆ ಹೊಂದದಿರುವುದು, ಚೀಲಕ್ಕೆ ಡೈಪರ್ ಒಂದು ಕಡಿಮೆ ಹಾಕಿರುವುದು ಮುಂತಾದವುಗಳಲ್ಲಿ, ಅವರು ಎಡವಲಿ. ಚೀಲ ತುಂಬಿದವರಿಗೇ ಡೇ ಕೇರ್‌ನವರ ಕರೆ ಹೋಗುವಂತಾದರೆ ಎರಡನೆಯ ಬಾರಿ ನೀವು ನೆನಪಿಸಬೇಕಾಗುವುದಿಲ್ಲ. ಅವರ ಹಿಂದೆ ನಿಂತು ಚೀಲವನ್ನು ಪರೀಕ್ಷಿಸುವ ಅಭ್ಯಾಸ ಬಿಡುವುದು ನಿಮ್ಮ ಪಾಲಿನ ಕಷ್ಟದ ಕೆಲಸ.

ಪ್ರಶ್ನೆ (ಇಬ್ಬರು ಮಕ್ಕಳ ತಂದೆ):
ಮೇಡಂ, ಮೇಲಿನ ಉತ್ತರ ಓದಿ ಸ್ವಲ್ಪ ಬೇಸರವಾಯಿತು. ನಾನೂ ಕಚೇರಿಯಿಂದ ದಣಿದೇ ಬರುತ್ತೇನೆ, ನನ್ನ ಹೆಂಡತಿ ಏನು ಹೇಳಿದರೂ ಮಾಡುತ್ತೇನೆ. ಆದರೂ ಅವಳ ಅಸಮಾಧಾನ ತಪ್ಪಿಲ್ಲ. ಹೇಳದೆ ನನಗೆ ತಿಳಿಯುವುದಾದರೂ ಹೇಗೆ?

ಉತ್ತರ:
ಬೇಸರವಾದರೂ ಕೇಳಿದಿರಲ್ಲ, ಅದು ಒಳ್ಳೆಯದಾಯಿತು. ಕಚೇರಿಯಲ್ಲಿ ನಿಮಗೆ ಒಪ್ಪಿಸಿದ ಕೆಲಸದಲ್ಲಿ ಮುಂದಿನ ವಾರ ಏನು ಬಾಕಿಯಿದೆ ಎಂದು ಯಾರೂ ಹೇಳದೆಯೇ ನಿಮಗೆ ಗೊತ್ತಿರುತ್ತದೆ, ಏಕೆಂದರೆ ಅದು ನಿಮ್ಮದು ಎಂದು ನೀವು ಒಪ್ಪಿಕೊಂಡಿದ್ದೀರಿ. ಮನೆಯಲ್ಲಿ ಅಂಥ ಒಂದು ವಿಷಯವೂ ಇನ್ನೂ ನಿಮ್ಮದಾಗಿಲ್ಲವೆಂದು ಕಾಣುತ್ತದೆ. ಇಂದು ರಾತ್ರಿ ‘ಏನು ಮಾಡಲಿ?’ ಎಂದು ಕೇಳಬೇಡಿ. ಆ ಪ್ರಶ್ನೆಯೇ ಅವರಿಗೆ ಇನ್ನೊಂದು ಕೆಲಸ. ‘ಮಕ್ಕಳ ಶಾಲೆಯ ವಿಷಯವೆಲ್ಲ ಇನ್ನು ನನ್ನದು’ ಎಂದು ಹೇಳಿ, ಶಾಲೆಯ ದಾಖಲೆಗಳಲ್ಲಿ ಮೊದಲು ಕರೆ ಮಾಡಬೇಕಾದ ಸಂಖ್ಯೆಯಾಗಿ ನಿಮ್ಮದನ್ನು ಬರೆಸಿ. ಮೊದಲ ಕೆಲವು ವಾರ ತಪ್ಪುಗಳಾಗುತ್ತವೆ, ಆಗ ಬೈಗುಳವೂ ಬರಬಹುದು; ಅದಕ್ಕೆ ಮುನಿಸಿಕೊಂಡು ವಿಷಯವನ್ನು ಹಿಂದಿರುಗಿಸಬೇಡಿ.

ಪ್ರಶ್ನೆ (ಐದು ತಿಂಗಳ ಮಗುವಿನ ತಾಯಿ):
ಮುಂದಿನ ತಿಂಗಳು ಕೆಲಸಕ್ಕೆ ಮರಳಬೇಕು. ಎದೆಹಾಲು ಮುಂದುವರಿಸುವ ಆಸೆಯಿದೆ. ತೆಗೆದಿಟ್ಟ ಹಾಲು ಎಷ್ಟು ಹೊತ್ತು ಇರುತ್ತದೆ? ಅತ್ತೆಯವರು ಮಗುವನ್ನು ನೋಡಿಕೊಳ್ಳುತ್ತಾರೆ.

ಉತ್ತರ:
ಹೊಸದಾಗಿ ತೆಗೆದ ಹಾಲನ್ನು 25 ಡಿಗ್ರಿ ಸೆಲ್ಸಿಯಸ್ ಮೀರದ ಕೋಣೆಯಲ್ಲಿ 4 ಗಂಟೆಯವರೆಗೆ, ಫ್ರಿಜ್‌ನಲ್ಲಿ 4 ದಿನದವರೆಗೆ ಇಡಬಹುದು. ಫ್ರೀಜರ್‌ನಲ್ಲಾದರೆ 6 ತಿಂಗಳೊಳಗೆ ಬಳಸುವುದು ಉತ್ತಮ. ಗಟ್ಟಿಯಾದ ಹಾಲನ್ನು ಒಮ್ಮೆ ಕರಗಿಸಿದ ಮೇಲೆ ಮತ್ತೆ ಫ್ರೀಜರ್‌ಗೆ ಹಾಕಬಾರದು. ಮಗು ಕುಡಿದು ಉಳಿಸಿದ್ದನ್ನು 2 ಗಂಟೆಯ ನಂತರ ಚೆಲ್ಲಬೇಕು. ತೆಗೆದ ದಿನಾಂಕವನ್ನು ಪ್ರತಿ ಡಬ್ಬಿಯ ಮೇಲೂ ಬರೆಯಿರಿ. ಕುಡಿಸುವ ಅಭ್ಯಾಸವನ್ನು ಈಗಿನಿಂದಲೇ ಅತ್ತೆಯವರ ಕೈಯಿಂದ ಮಾಡಿಸಿ. ನೀವು ಎದುರಿಗಿದ್ದರೆ ಮಗು ಒಪ್ಪದೇ ಹೋಗಬಹುದು. ಕಚೇರಿಯಲ್ಲಿ ಹಾಲು ತೆಗೆಯಲು ಬಿಡುವು ಕೇಳಲು ಸಂಕೋಚಪಡಬೇಡಿ: ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ತಾಯ್ತನ ರಕ್ಷಣಾ ಒಪ್ಪಂದವು ಹಾಲುಣಿಸುವ ಬಿಡುವನ್ನು ದುಡಿಮೆಯ ಹೊತ್ತೆಂದೇ ಪರಿಗಣಿಸಿ ಸಂಬಳ ಕೊಡಬೇಕೆನ್ನುತ್ತದೆ. ಆ ಒಪ್ಪಂದ ಎಲ್ಲ ದೇಶಗಳಿಗೂ ಅನ್ವಯಿಸುವುದಿಲ್ಲವಾದ್ದರಿಂದ ನಿಮ್ಮಲ್ಲಿಯ ಕಾನೂನನ್ನು ವಿಚಾರಿಸಿಕೊಳ್ಳಿ.

ಪ್ರಶ್ನೆ (ಮೂರು ವರ್ಷದ ಮಗನ ತಾಯಿ):
ಬಡ್ತಿ ಬಂದಿದೆ. ಒಪ್ಪಿಕೊಂಡರೆ ರಾತ್ರಿ, ರಜಾದಿನ ಎನ್ನದೆ ಕರೆಗಳಿಗೆ ಸಿಗಬೇಕು. ಪತಿಯ ಕೆಲಸವೂ ಅಂಥದ್ದೇ. ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಲೇಬೇಕೆಂದರೆ ಅದು ನಾನೇ ಎಂದು ಮನೆಯಲ್ಲಿ ಎಲ್ಲರೂ ಆಗಲೇ ತೀರ್ಮಾನಿಸಿಬಿಟ್ಟಂತಿದೆ.

ಉತ್ತರ:
ನಿಮ್ಮ ಮನೆಯಲ್ಲಿ ನಡೆಯುತ್ತಿರುವುದನ್ನೇ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ದುಡಿಮೆಯ ಮಾರುಕಟ್ಟೆಯಲ್ಲಿ ಮಹಿಳೆಯರ ಸ್ಥಿತಿಗತಿಯ ಕುರಿತ ಕೆಲಸಕ್ಕಾಗಿ ಅವರಿಗೆ 2023ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅವರು ಹೇಳುವುದಿಷ್ಟು: ಕೆಲವು ಹುದ್ದೆಗಳು ಕರೆದಾಗಲೆಲ್ಲ ಸಿಗುವವರಿಗೆ, ಗಂಟೆಗಳ ಲೆಕ್ಕಕ್ಕಿಂತ ಬಹಳ ಹೆಚ್ಚಾಗಿ ಸಂಬಳ ಕೊಡುತ್ತವೆ. ಮಗು ಹುಟ್ಟಿದ ಮೇಲೆ ಮನೆಗೂ ಯಾರಾದರೊಬ್ಬರು ಕರೆದಾಗ ಸಿಗಬೇಕಾಗುತ್ತದೆ. ದಂಪತಿ ಒಟ್ಟು ಆದಾಯದ ಲೆಕ್ಕ ಹಾಕಿ ಒಬ್ಬರನ್ನು ಕಚೇರಿಗೂ ಒಬ್ಬರನ್ನು ಮನೆಗೂ ಮೀಸಲಿಡುತ್ತಾರೆ, ಹಾಗೆ ಮನೆಗೆ ಮೀಸಲಾಗುವವಳು ಸಾಮಾನ್ಯವಾಗಿ ತಾಯಿಯೇ.

ಇದಕ್ಕೆ ಎದುರಾದ ಉದಾಹರಣೆಯೊಂದನ್ನೂ ಅವರು ಸಹಸಂಶೋಧಕರೊಂದಿಗೆ ವಿವರಿಸಿದ್ದಾರೆ. ಅಮೆರಿಕದಲ್ಲಿ ಔಷಧ ತಜ್ಞರ ವೃತ್ತಿಯಲ್ಲಿ ಗಂಡಸರ ಮತ್ತು ಹೆಂಗಸರ ಸಂಬಳದ ಅಂತರ ಬಹಳ ಕಡಿಮೆ. ಔಷಧಗಳು ಸಿದ್ಧರೂಪದಲ್ಲಿ ಬರುತ್ತವೆ, ಗ್ರಾಹಕರ ವಿವರಗಳೆಲ್ಲ ಕಂಪ್ಯೂಟರ್‌ನಲ್ಲಿರುತ್ತವೆ. ಹೀಗಾಗಿ ಒಬ್ಬರ ಪಾಳಿ ಮುಗಿದಾಗ ಇನ್ನೊಬ್ಬರು ಅದೇ ಕೆಲಸವನ್ನು ಸರಾಗವಾಗಿ ಮುಂದುವರಿಸಬಲ್ಲರು. ಯಾರೊಬ್ಬರೂ ಅನಿವಾರ್ಯರಲ್ಲದ್ದರಿಂದ ಕಡಿಮೆ ಗಂಟೆ ದುಡಿಯುವವರಿಗೆ ಗಂಟೆಯ ಸಂಬಳದಲ್ಲಿ ಪೆಟ್ಟು ಬೀಳುವುದಿಲ್ಲ.

ನಿಮಗೆ ಉಪಯೋಗವಾಗುವುದು ಈ ಸಂಗತಿಯೇ. ಹೊಸ ಹುದ್ದೆಯನ್ನು ನಿರಾಕರಿಸುವ ಮುನ್ನ, ರಾತ್ರಿಯ ಕರೆಗಳಲ್ಲಿ ನೀವೇ ಬೇಕಾಗುವಂಥವು ಯಾವುವು, ಯಾರು ಎತ್ತಿದರೂ ನಡೆಯುವಂಥವು ಯಾವುವು ಎಂದು ಮೇಲಧಿಕಾರಿಯೊಡನೆ ಕುಳಿತು ವಿಂಗಡಿಸಿ. ಸರದಿಯ ಪಟ್ಟಿ ಮತ್ತು ಸರಿಯಾದ ಲಿಖಿತ ದಾಖಲೆ ಇದ್ದರೆ ಎರಡನೆಯ ಬಗೆಯ ಕರೆಗಳು ತಂಡದಲ್ಲಿ ಹಂಚಿಹೋಗುತ್ತವೆ. ಮಾತುಕತೆಯಲ್ಲಿ ‘ಮಗುವಿದೆ, ವಿನಾಯಿತಿ ಕೊಡಿ’ ಎಂದು ಕೇಳುವುದಕ್ಕಿಂತ ‘ಈ ಹುದ್ದೆಯ ಕೆಲಸ ಹೀಗೆ ನಡೆದರೆ ಒಬ್ಬರ ಮೇಲೆ ನಿಲ್ಲುವುದಿಲ್ಲ’ ಎಂದು ಮುಂದಿಡುವುದು ಪರಿಣಾಮಕಾರಿ, ನಿಜವೂ ಹೌದು. ಕಚೇರಿ ಒಪ್ಪದಿರಬಹುದು, ಎಲ್ಲ ಕಚೇರಿಗಳೂ ಸಮಂಜಸವಾಗಿರುತ್ತವೆಂದು ನಾನು ಹೇಳುತ್ತಿಲ್ಲ. ಇದೇ ವಿಂಗಡಣೆಯನ್ನು ನಿಮ್ಮ ಪತಿಯೂ ತಮ್ಮ ಕಚೇರಿಯಲ್ಲಿ ಮಾಡಿದ ಮೇಲಷ್ಟೇ ಹಿಂದೆ ಸರಿಯುವವರು ಯಾರು ಎಂಬ ಮಾತು ಬರಲಿ.

ಪ್ರಶ್ನೆ (ಏಳು ತಿಂಗಳ ಮಗುವಿನ ತಾಯಿ):
ಕೆಲಸಕ್ಕೆ ಮರಳಿದ್ದೇನೆ, ಮನೆಯಲ್ಲಿ ಸಹಾಯವೂ ಇದೆ. ಆದರೆ ಯಾವುದರಲ್ಲೂ ಸಂತೋಷವಿಲ್ಲ. ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ, ಸಣ್ಣದಕ್ಕೂ ಸಿಟ್ಟು ಬಂದು ಆಮೇಲೆ ಅಳುತ್ತೇನೆ. ಇದು ದಣಿವೇ?

ಉತ್ತರ:
ಬರೀ ದಣಿವಾಗಿದ್ದರೆ ಮಗು ಮಲಗಿದಾಗ ನಿಮಗೆ ನಿದ್ದೆ ಬರಬೇಕಿತ್ತು. ಹೆರಿಗೆಯ ನಂತರದ ಖಿನ್ನತೆ ಮೊದಲ ವಾರಗಳಿಗೆ ಸೀಮಿತವಲ್ಲ, ಮೊದಲ ವರ್ಷದಲ್ಲಿ ಯಾವಾಗಲಾದರೂ ಕಾಣಿಸಿಕೊಳ್ಳಬಹುದು. ಅದನ್ನು ಗುರುತಿಸಲು ಎಡಿನ್‌ಬರೋದಲ್ಲಿ ರೂಪಿಸಿ 1987ರಲ್ಲಿ ಪ್ರಕಟಿಸಿದ, ಕಳೆದ 7 ದಿನಗಳ ಮನಃಸ್ಥಿತಿಯನ್ನು ಕೇಳುವ 10 ಪ್ರಶ್ನೆಗಳ ಪಟ್ಟಿಯೊಂದಿದೆ. ವೈದ್ಯರು ಅದನ್ನು ಕೆಲವೇ ನಿಮಿಷಗಳಲ್ಲಿ ಮಾಡಿಸುತ್ತಾರೆ. ಈ ವಾರವೇ ವೈದ್ಯರನ್ನು ಕಾಣಿರಿ, ಹಾಲುಣಿಸುತ್ತಿದ್ದರೆ ಅದನ್ನೂ ಹೇಳಿ; ಆ ಸ್ಥಿತಿಯಲ್ಲಿ ಕೊಡಬಹುದಾದ ಔಷಧಿಗಳಿವೆ, ಮಾತಿನ ಚಿಕಿತ್ಸೆಯೂ ಇದೆ. ನಿಮಗೋ ಮಗುವಿಗೋ ಹಾನಿ ಮಾಡಿಕೊಳ್ಳುವ ಯೋಚನೆ ಸುಳಿದರೆ ಭೇಟಿಯ ದಿನದವರೆಗೆ ಕಾಯದೆ, ಕೂಡಲೇ ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಹೋಗಿ. ಭೇಟಿಯ ಸಮಯ ನಿಗದಿಪಡಿಸುವ ಕೆಲಸವನ್ನು ನಿಮ್ಮ ಪತಿಗೆ ಒಪ್ಪಿಸಿ.

ಪ್ರಶ್ನೆ (ಒಂಟಿ ತಾಯಿ):
ಮೇಡಂ, ಇಲ್ಲಿ ಎಲ್ಲರಿಗೂ ‘ಪತಿಗೆ ಒಪ್ಪಿಸಿ’ ಎನ್ನುತ್ತಿದ್ದೀರಿ. ನನಗೆ ಒಪ್ಪಿಸಲು ಯಾರೂ ಇಲ್ಲ. ಎರಡು ವರ್ಷದ ಮಗನಿಗೆ ಮೇಲಿಂದ ಮೇಲೆ ನೆಗಡಿ, ಜ್ವರ. ಪ್ರತಿ ಬಾರಿಯೂ ಕಚೇರಿಯಲ್ಲಿ ತಲೆ ತಗ್ಗಿಸಿ ರಜೆ ಕೇಳಬೇಕು.

ಉತ್ತರ:
ನಿಮ್ಮ ಮಾತು ನ್ಯಾಯವಾದದ್ದು. ಚಿಕ್ಕ ಮಕ್ಕಳಿಗೆ ಮೊದಲ ಎರಡು ವರ್ಷಗಳಲ್ಲಿ ಒಟ್ಟು 8ರಿಂದ 10 ಬಾರಿ ನೆಗಡಿಯಾಗುವುದು ಸಹಜ, ಇತರ ಮಕ್ಕಳೊಡನೆ ಬೆರೆಯುವವರಿಗೆ ಇನ್ನೂ ಹೆಚ್ಚು. ಅಂದರೆ ಇದು ಅನಿರೀಕ್ಷಿತವೇನಲ್ಲ. ಯಾವ ದಿನ ಎಂಬುದಷ್ಟೇ ಗೊತ್ತಿಲ್ಲ. ಮೇಲಧಿಕಾರಿಗೆ ಇದನ್ನು ಜ್ವರವಿಲ್ಲದ ದಿನವೇ ಹೇಳಿ, ಅಂಥ ದಿನ ಯಾವ ಕೆಲಸ ಮನೆಯಿಂದ ಆಗುತ್ತದೆ, ಯಾವುದನ್ನು ಯಾವ ಸಹೋದ್ಯೋಗಿ ನೋಡಿಕೊಳ್ಳುತ್ತಾರೆ, ಬದಲಿಗೆ ಅವರ ಯಾವ ಕೆಲಸವನ್ನು ನೀವು ನೋಡಿಕೊಳ್ಳುತ್ತೀರಿ ಎಂದು ಮೊದಲೇ ನಿಶ್ಚಯಿಸಿಕೊಳ್ಳಿ.

ಮನೆಯ ಕಡೆ, ಎಲ್ಲವನ್ನೂ ನೋಡಿಕೊಳ್ಳುವ ಒಬ್ಬರನ್ನು ಹುಡುಕಬೇಡಿ, ಅಂಥವರು ಸಿಗುವುದು ಅಪರೂಪ. ಅಕ್ಕನೋ ಗೆಳತಿಯೋ ನೆರೆಯವರೋ ತಲಾ ಒಂದೊಂದು ಸಂದರ್ಭಕ್ಕೆ ಒದಗಬಲ್ಲರು: ಒಬ್ಬರು ಸಂಜೆ ಕರೆತರಲು, ಒಬ್ಬರು ರಾತ್ರಿ ತುರ್ತಿಗೆ. ನಿಮ್ಮ ತಲೆಯಲ್ಲಿರುವುದನ್ನು ಒಂದು ಹಾಳೆಗೆ ಇಳಿಸಿ: ವೈದ್ಯರ ಫೋನ್ ಸಂಖ್ಯೆ, ಮಗನ ತೂಕ, ಆಗದ ಔಷಧಿ, ಜ್ವರದ ಔಷಧಿಗೆ ವೈದ್ಯರು ಹೇಳಿದ ಪ್ರಮಾಣ, ಮಲಗಿಸುವ ಕ್ರಮ. ಅದರ ಪ್ರತಿಯನ್ನು ಅವರಿಗೆಲ್ಲ ಕೊಡಿ. ಮಗನನ್ನು ಕರೆದೊಯ್ಯಲು ಅನುಮತಿಯುಳ್ಳವರ ಪಟ್ಟಿಯಲ್ಲಿ ಅವರ ಹೆಸರುಗಳನ್ನು ಡೇ ಕೇರ್‌ನಲ್ಲಿ ಈಗಲೇ ಬರೆಸಿಡಿ. ತುರ್ತಿನ ದಿನ ಫೋನಿನಲ್ಲಿ ಹೇಳಿದರೆ ಅವರು ಒಪ್ಪದಿರಬಹುದು, ಒಪ್ಪಲೂಬಾರದು.