ಅಪ್‌ಡೇಟ್: ಪೆಲೆಟ್ ಟ್ರೇಲರ್ ಕೊನೆಗೂ ಓಡಿತು

ಪುಣೆಯ ಹಡಪ್ಸರ್‌ನಲ್ಲಿ ನಮ್ಮ ಕ್ಯಾಂಟೀನ್ ಇದೆ. ಬಾಯ್ಲರ್‌ಗೆ ಬೇಕಾದ ಬಯೋಮಾಸ್ ಪೆಲೆಟ್‌ಗಳನ್ನು (ಮರದ ಪುಡಿ, ಕೃಷಿ ತ್ಯಾಜ್ಯ ಒತ್ತಿ ಮಾಡಿದ ಉರುವಲು ಗುಳಿಗೆ) ಚೀಲ ಹೊರುವ ಬದಲು ಸಡಿಲವಾಗಿ ತರಲು ಮನೆಯಲ್ಲೇ ಟ್ರೇಲರ್ ಮಾಡಬಹುದಾ ಎಂದು ಕೇಳಿದ್ದೆ. ಮಾಡಿದೆವು.

ಪೆಟ್ಟಿಗೆ 4 ಅಡಿ ಉದ್ದ, 3 ಅಡಿ ಅಗಲ, ಸುಮಾರು 2 ಅಡಿ ಎತ್ತರ. ಒಂದು ಘನ ಮೀಟರ್ ಪೆಲೆಟ್ 650 ಕೆಜಿ ಆಸುಪಾಸು ತೂಗುತ್ತದೆ. ಅಂದರೆ ತುಂಬಿದರೆ 400 ಕೆಜಿ ದಾಟುತ್ತದೆ. ನೋಡಲು ಪುಟ್ಟದು, ಅಲ್ವಾ?

ಮೊದಲ ದಿನವೇ ಎಡವಟ್ಟು. ಆಕ್ಸಲ್ ಅನ್ನು (ಚಕ್ರಗಳ ಅಚ್ಚು) ಪೆಟ್ಟಿಗೆಯ ನಟ್ಟನಡುವೆ ಹಾಕಿದ್ದೆ. ಹಿಂದಿನಿಂದ ತುಂಬುತ್ತಾ ಬಂದೆವು, ಹಿಚ್ (ಟ್ರ್ಯಾಕ್ಟರ್‌ಗೆ ಸಿಕ್ಕಿಸುವ ಮುಂದಿನ ಕೊಂಡಿ) ಮೇಲಕ್ಕೆದ್ದು ಅರ್ಧ ಪೆಲೆಟ್ ನೆಲದ ಪಾಲು! ವೆಲ್ಡಿಂಗ್ ಅಂಗಡಿಯ ಕಾಕಾ ನಕ್ಕು, "ಭಾರ ಮುಂದೆ ಬೇಕು ರೇ" ಎಂದರು. ಆಕ್ಸಲ್ 4 ಇಂಚು ಹಿಂದಕ್ಕೆ ಸರಿಸಿದೆವು. ಈಗ ಒಟ್ಟು ಭಾರದ ಹತ್ತನೇ ಒಂದು ಪಾಲು ಹಿಚ್ ಮೇಲೆ ಕೂರುತ್ತದೆ, ಗಾಡಿ ಓಲಾಡುವುದಿಲ್ಲ.

ತಳವನ್ನು 45 ಡಿಗ್ರಿ ಇಳಿಜಾರು ಮಾಡಿ, ಕೆಳಗೆ ಸರಿಯುವ ಬಾಗಿಲು ಇಟ್ಟಿದ್ದೇನೆ. ಸಲಿಕೆ ಬೇಕಿಲ್ಲ, ಸುಮ್ನೆ ಸುರಿಯುತ್ತದೆ. ಇಳಿಜಾರಿನಿಂದ ಜಾಗ ಸಾಕಷ್ಟು ಕಡಿಮೆಯಾಯಿತು, ಈಗ 400 ಕೆಜಿ ಹಿಡಿಸುವುದಿಲ್ಲ, ಪರವಾಗಿಲ್ಲ.

ಟಾರ್ಪಾಲಿನ್ ಮಾತ್ರ ನಂಬಬೇಡಿ. ಜುಲೈ ಮಳೆಯಲ್ಲಿ ಒಂದು ಮೂಲೆ ನೆನೆದು ಪೆಲೆಟ್ ಉಬ್ಬಿ ಹಿಟ್ಟಾಯಿತು. ಈಗ ತಗಡಿನ ಮುಚ್ಚಳ, ಅಂಚಿಗೆ ರಬ್ಬರ್.

ರಸ್ತೆಗೆ ಇಳಿಸಲು ಟ್ರೇಲರ್‌ಗೂ ಆರ್‌ಟಿಒ ನೋಂದಣಿ ಬೇಕು. ಹಾಗಾಗಿ ನಮ್ಮದು ಕಾಂಪೌಂಡಿನೊಳಗೆ, ಗೋದಾಮಿನಿಂದ ಬಾಯ್ಲರ್‌ವರೆಗೆ ಮಾತ್ರ, ಮಿನಿ ಟ್ರ್ಯಾಕ್ಟರ್ ಹಿಂದೆ.