ಅಪ್‌ಡೇಟ್: ಗಂಡನಿಂದ ಏಟು ತಿನ್ನುತ್ತಿದ್ದ ಗೆಳತಿಗೆ ಹೇಗೆ ನೆರವಾಗಲಿ ಎಂದು ಕೇಳಿದ್ದೆ

ಮೂರು ವಾರದ ಹಿಂದೆ ಕೇಳಿದ್ದೆ: ಗೆಳತಿಗೆ ಗಂಡ ಹೊಡೆಯುತ್ತಾನೆ, ನಾನೇನು ಮಾಡಲಿ ಅಂತ. ಈಗ ಅವಳು ಅಕ್ಕನ ಮನೆಯಲ್ಲಿದ್ದಾಳೆ.

"ಕೂಡಲೇ ಬಿಟ್ಟು ಬಾ ಅನ್ನಿ" ಎಂದು ತುಂಬಾ ಜನ ಹೇಳಿದ್ದಿರಿ. ಹಾಗೇ ಒತ್ತಾಯಿಸಿದೆ. ನಾಲ್ಕು ದಿನ ಅವಳು ಫೋನೇ ಎತ್ತಲಿಲ್ಲ. ಅಲ್ಲಿ ಅವನ ಅಪ್ಪಣೆ, ಇಲ್ಲಿ ನನ್ನದೂ ಅಂದರೆ ಹೇಗೆ ಅಲ್ವಾ? ಗಂಡನ ಜೊತೆ ಮಾತಾಡುವ ಸಲಹೆ ಬಿಟ್ಟೆ. ಮಾತಾಡಿದ್ದರೆ ಅವನ ಸಿಟ್ಟು ಅವಳ ಮೇಲೇ ತಿರುಗುತ್ತಿತ್ತು.

ಕೆಲಸಕ್ಕೆ ಬಂದಿದ್ದು "ಸುಮ್ನೆ ಕೇಳಿಸಿಕೊಳ್ಳಿ" ಎಂದವರ ಮಾತು. "ನಿನ್ನ ತಪ್ಪಲ್ಲ, ನಾನು ನಂಬ್ತೀನಿ" ಅಂದೆ, ಅಷ್ಟೇ. ತುಂಬಾ ಹೊತ್ತು ಅತ್ತಳು. ಆಮೇಲೆ ಅವಳೇ ದಾಖಲೆಗಳನ್ನು ನನ್ನ ಹತ್ತಿರ ತಂದಿಟ್ಟಳು. ಅಪಾಯವಾದರೆ ಮೆಸೇಜ್ ಮಾಡಲು ಒಂದು ಗುಟ್ಟಿನ ಪದ ಇಟ್ಟುಕೊಂಡೆವು.

ನನಗೆ ಗೊತ್ತೇ ಇರಲಿಲ್ಲ, ಬಿಟ್ಟು ಹೊರಡುವ ಸಮಯದಲ್ಲೇ ಅಪಾಯ ಜಾಸ್ತಿಯಂತೆ. ಅವನು ಒಮ್ಮೆ ಕತ್ತು ಹಿಸುಕಿದ್ದ ಎಂದಾಗ ಸಹಾಯವಾಣಿಯವರ ದನಿಯೇ ಬದಲಾಯಿತು. ಮುಂದೆ ಜೀವಕ್ಕೇ ಕುತ್ತು ಬರಬಹುದು ಎನ್ನುವುದಕ್ಕೆ ಅದು ದೊಡ್ಡ ಸೂಚನೆ. ಹೊರಗೆ ಗುರುತು ಕಾಣದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಇನ್ನು ಅವಳ ಫೋನಿನಿಂದ ಲೊಕೇಶನ್ ಅವನಿಗೆ ಹೋಗುತ್ತಿತ್ತು. ಮೊದಲೇ ಆಫ್ ಮಾಡಿದ್ದರೆ ಅನುಮಾನ ಬರುತ್ತಿತ್ತು, ಹೊರಟ ದಿನವೇ ಮಾಡಿದಳು.

ಕೆಲವೊಮ್ಮೆ "ವಾಪಸ್ ಹೋಗಲಾ" ಅನ್ನುತ್ತಾಳೆ. ನಾನು ಬೈಯುವುದಿಲ್ಲ, ಫೋನ್ ಇಡುವುದೂ ಇಲ್ಲ.