ಊರಿನ ಹೆಸರನ್ನೇ ಚಿತ್ರದಲ್ಲಿ ಹೇಳುವ ಲಾಂಛನಕ್ಕೆ ಕನ್ನಡ ಪದ ಯಾವುದು?

ಮಾನ್ಯರೇ,

ಜರ್ಮನಿಯ ಮ್ಯೂನಿಕ್ ನಗರದ ಲಾಂಛನದ ಬಗ್ಗೆ ಬರೆಯುತ್ತಿರುವಾಗ ಎದುರಾದ ಪದವೊಂದರ ಕುರಿತು ತಮ್ಮೆಲ್ಲರ ಅಭಿಪ್ರಾಯ ಕೇಳುತ್ತಿದ್ದೇನೆ.

ಬೆಳ್ಳಿಯ ಬಣ್ಣದ ಗುರಾಣಿಯ ಮೇಲೆ, ಚಿನ್ನದ ಅಂಚಿನ ಕಪ್ಪು ನಿಲುವಂಗಿ ತೊಟ್ಟ ಕ್ರೈಸ್ತ ಸಂನ್ಯಾಸಿಯೊಬ್ಬ ಎಡಗೈಯಲ್ಲಿ ಕೆಂಪು ಪುಸ್ತಕ ಹಿಡಿದು ಬಲಗೈ ಎತ್ತಿ ನಿಂತಿದ್ದಾನೆ. 1158ರ ದಾಖಲೆಯಲ್ಲಿ ಊರಿನ ಹೆಸರು 'ಮುನಿಖೆನ್' ಎಂದಿದ್ದು, ಅದಕ್ಕೆ 'ಸಂನ್ಯಾಸಿಗಳಿರುವ ಎಡೆ' ಎಂದು ಅರ್ಥ ಹೇಳುತ್ತಾರೆ. ನಮ್ಮ ಕಿವಿಗೆ ಇದರಲ್ಲಿ 'ಮುನಿ' ಕೇಳಿಸಿದರೂ ಅದು ಕೇವಲ ಧ್ವನಿಸಾಮ್ಯ. ಜರ್ಮನ್ ಪದದ ಮೂಲ ಗ್ರೀಕಿನ 'ಮೊನಖೋಸ್', ಎಂದರೆ ಒಂಟಿಯಾಗಿ ಬಾಳುವವನು. 1239ರ ನಗರಮುದ್ರೆಯಲ್ಲೇ ಕಾಣಿಸಿಕೊಂಡ ಈ ಸಂನ್ಯಾಸಿ ಶತಮಾನಗಳಲ್ಲಿ ಕಲಾವಿದರ ಕೈಯಲ್ಲಿ ಎಳೆಯನಾಗುತ್ತ ಬಂದು, ಜನರ ಬಾಯಲ್ಲಿ 'ಮ್ಯೂನಿಕ್ಕಿನ ಕೂಸು' ಎಂಬರ್ಥದ 'ಮ್ಯೂನ್ಶ್ನರ್ ಕಿಂಡ್ಲ್' ಆದ.

ಹೆಸರನ್ನು ಹೀಗೆ ಚಿತ್ರವಾಗಿಸುವ ಲಾಂಛನವನ್ನು ಜರ್ಮನರು 'ಮಾತಾಡುವ ವಾಪನ್' ಎನ್ನುತ್ತಾರೆ. 'ವಾಪನ್' ಎಂಬುದು ಆಯುಧವನ್ನು ಸೂಚಿಸುವ 'ವಾಫೆ'ಯ ಒಡಹುಟ್ಟು ಪದ. ಗುರಾಣಿಯ ಮೇಲಿನ ಗುರುತಿಗೆ ಆಯುಧದ ಹೆಸರೇ ಅಂಟಿಕೊಂಡಿದೆ. ನಮ್ಮ 'ಲಾಂಛನ'ಕ್ಕೆ ಆ ಯುದ್ಧದ ನೆನಪಿಲ್ಲ. ಅದು ಬರಿಯ ಗುರುತು. ಚಂದ್ರನ ಕಲೆಯೂ ಲಾಂಛನವೇ, ಆದ್ದರಿಂದಲೇ ಅವನು ಶಶಲಾಂಛನ. ಆದರೂ ಚಾಳುಕ್ಯರ ವರಾಹಲಾಂಛನದಂಥ ಬಳಕೆ ಗಟ್ಟಿಯಾಗಿ ನೆಲೆಗೊಂಡಿರುವುದರಿಂದ 'ವಾಪನ್'ಗೆ ಲಾಂಛನವನ್ನೂ, ಪತ್ರಗಳಿಗೆ ಒತ್ತುವ ಗುರುತಿಗೆ ಮುದ್ರೆಯನ್ನೂ ಬಳಸುವುದು ಸರಿಯೆಂದು ನನಗೆ ತೋರುತ್ತದೆ.

ತೊಡಕಿರುವುದು 'ಮಾತಾಡುವ' ಎಂಬ ವಿಶೇಷಣದಲ್ಲಿ. 'ಅನ್ವರ್ಥ ಲಾಂಛನ' ಎನ್ನೋಣವೆಂದರೆ, ಅನ್ವರ್ಥವೆಂಬುದು ಅರ್ಥಕ್ಕೆ ಹೊಂದುವುದು. ಇಂಥ ಲಾಂಛನಕ್ಕೆ ಹೆಸರಿನ ಉಲಿ ಹೊಂದಿದರೂ ಸಾಕು. ಬರ್ಲಿನ್ನಿನ ಹೆಸರು ಜೌಗು ನೆಲವನ್ನು ಸೂಚಿಸುವ ಸ್ಲಾವಿಕ್ ಮೂಲದ್ದೆಂಬುದು ವಿದ್ವಾಂಸರ ಅಭಿಪ್ರಾಯ. ಆದರೂ 1280ರ ಮುದ್ರೆಯಿಂದಲೇ ಅಲ್ಲಿ ಕರಡಿಯಿದೆ, ಏಕೆಂದರೆ ಜರ್ಮನ್‌ನಲ್ಲಿ 'ಬೇರ್' ಎಂದರೆ ಕರಡಿ. ನಮ್ಮ ಹೊಯ್ಸಳ ಲಾಂಛನವೂ ಈ ಜಾತಿಗೆ ಹತ್ತಿರದ್ದು: 'ಪೊಯ್ ಸಳ' ಎಂಬ ಗುರುವಿನ ಮಾತಿನಿಂದ ವಂಶಕ್ಕೆ ಹೆಸರು ಬಂತೆಂಬ ಐತಿಹ್ಯವೇ ಅಲ್ಲಿ ಹುಲಿಯೊಡನೆ ಹೋರುವ ವೀರನಾಗಿ ಶಿಲ್ಪದಲ್ಲಿ ನಿಂತಿದೆ.

ಹಾಗಾಗಿ ನನ್ನ ಒಲವು 'ಹೆಸರುಲಿ ಲಾಂಛನ'ದ ಕಡೆಗಿದೆ. 'ನಾಮಸೂಚಕ ಲಾಂಛನ' ಎಂದರೆ ಅರ್ಥ ಥಟ್ಟನೆ ತಿಳಿಯುತ್ತದೆ, ಆದರೆ ಹೆಸರನ್ನು ಬರೆದಿಟ್ಟ ಫಲಕಕ್ಕೂ ಆ ಮಾತು ಸಲ್ಲುತ್ತದೆ. ಶಾಸನಗಳಲ್ಲಾಗಲಿ ಹಳೆಯ ಕಾವ್ಯಗಳಲ್ಲಾಗಲಿ ಇದಕ್ಕೆ ಒಪ್ಪುವ ಪದವನ್ನು ಯಾರಾದರೂ ಕಂಡಿದ್ದರೆ, ಅದು ಬಂದಿರುವ ಸಾಲಿನೊಡನೆ ತಿಳಿಸಬೇಕಾಗಿ ಕೋರುತ್ತೇನೆ.